ಟಿಪಿಎಚ್‌ಎ ಮತ್ತೆ ಪಾಸಿಟಿವ್: ಮದ್ದು ಫಲಿಸಿಲ್ಲವೇ?

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

36 ವರ್ಷ, ವಿವಾಹಿತ, ಕರಾವಳಿಯವರು. ಕೊಲ್ಲಿ ದೇಶಕ್ಕೆ ವೆಲ್ಡಿಂಗ್ ಕೆಲಸಕ್ಕೆ ಹೊರಟಿದ್ದಾಗ ವೈದ್ಯಕೀಯ ತಪಾಸಣೆಯಲ್ಲಿ ಟಿಪಿಎಚ್‌ಎ (ಸಿಫಿಲಿಸ್ ಎಂಬ ಲೈಂಗಿಕ ಸೋಂಕಿನ ರಕ್ತಪರೀಕ್ಷೆ) ಪಾಸಿಟಿವ್ ಬಂತು. ನಾಲ್ಕು ವರ್ಷದ ಹಿಂದೆ ಅಂಗೈ ತುಂಬ ದದ್ದು ಎದ್ದು, ಸಿಫಿಲಿಸ್ ಎಂದು ಗೊತ್ತಾಗಿ, 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಚುಚ್ಚಿಸಿಕೊಂಡಿದ್ದರು. ಈಗ ಗಾಬರಿಯಿಂದ ಇನ್ನೂ ಎರಡು ಲ್ಯಾಬಿನಲ್ಲಿ ಟಿಪಿಎಚ್‌ಎ ಮಾಡಿಸಿದ್ದಾರೆ. ಟೈಟರ್ (ರಕ್ತದ ಸೀರಂ ಎಷ್ಟು ಪಟ್ಟು ತೆಳುಗೊಳಿಸಿದರೂ ಪಾಸಿಟಿವ್ ಬರುತ್ತದೆ ಎಂಬ ಅಳತೆ) ಒಂದರಲ್ಲಿ 1:640, ಇನ್ನೊಂದರಲ್ಲಿ 1:1280. “ಮೇಡಂ, ವಾರದೊಳಗೆ ಡಬಲ್ ಆಗಿದೆ, ಮದ್ದು ಹಿಡೀಲಿಲ್ಲ ಅಲ್ವಾ?”

ಹಿಡಿದಿದೆ. ಟಿಪಿಎಚ್‌ಎ ಹೇಳುವುದು ಸೋಂಕು ಎಂದಾದರೂ ತಗುಲಿತ್ತೇ ಎಂಬುದನ್ನಷ್ಟೆ. ಗುಣವಾದ ಮೇಲೂ ಹೆಚ್ಚಿನವರಲ್ಲಿ ಅದು ಆಜೀವ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಅದರ ಸಂಖ್ಯೆಗೂ ರೋಗದ ಏರಿಳಿತಕ್ಕೂ ಸಂಬಂಧವಿಲ್ಲ. ಒಂದು ಮೆಟ್ಟಿಲಿನ (ಎರಡು ಪಟ್ಟಿನ) ವ್ಯತ್ಯಾಸ ಪರೀಕ್ಷೆಯ ಸಹಜ ಏರುಪೇರು. ಆ ಎರಡು ಪರೀಕ್ಷೆಗಳ ದುಡ್ಡು ನೀರಿಗೆ ಹೋಯಿತು, ಅಷ್ಟೆ.

ಚಿಕಿತ್ಸೆ ಫಲಿಸಿತೇ ಎಂದು ನೋಡಬೇಕಾದದ್ದು ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಎಂಬ ಬೇರೆ ರಕ್ತಪರೀಕ್ಷೆಯ ಟೈಟರ್‌ನಲ್ಲಿ. ಇವರ ಹಳೆಯ ಚೀಟಿಗಳಲ್ಲಿ ಮದ್ದಿಗೆ ಮೊದಲು ವಿಡಿಆರ್‌ಎಲ್ 1:32, ಆರು ತಿಂಗಳಿಗೆ 1:4, ಈಗ ನಾನ್-ರಿಯಾಕ್ಟಿವ್ (ನೆಗೆಟಿವ್). ನಾಲ್ಕು ಪಟ್ಟು ಇಳಿದರೆ ಸಾಕಿತ್ತು, ಆರು ತಿಂಗಳಿಗೇ ಎಂಟು ಪಟ್ಟು ಇಳಿದಿದೆ. ಇಂಥ ಹೋಲಿಕೆಗೆ ಅದೇ ಪರೀಕ್ಷೆ, ಸಾಧ್ಯವಾದರೆ ಅದೇ ಲ್ಯಾಬ್ ಇರಬೇಕು. ಒಮ್ಮೆ ವಿಡಿಆರ್‌ಎಲ್, ಇನ್ನೊಮ್ಮೆ ಆರ್‌ಪಿಆರ್ ಮಾಡಿಸಿ ಸಂಖ್ಯೆ ತಾಳೆ ಹಾಕುವಂತಿಲ್ಲ.

ಆದರೆ ಮಾತು ಮುಂದುವರಿದಾಗ, ತಿಂಗಳ ಹಿಂದೆ ಕಾಂಡೋಮ್ ಇಲ್ಲದೆ ಬೇರೊಬ್ಬರ ಜೊತೆ ಸಂಪರ್ಕವಾಗಿತ್ತೆಂದರು. ಪ್ರಕರಣದ ನಿಜವಾದ ತಿರುಳು ಇದೇ. ಒಮ್ಮೆ ಬಂದುಹೋದ ಸಿಫಿಲಿಸ್ ಮತ್ತೆ ತಗುಲಬಾರದೆಂದಿಲ್ಲ, ಮೊದಲೇ ಪಾಸಿಟಿವ್ ಇರುವ ಟಿಪಿಎಚ್‌ಎ ಅದನ್ನು ತೋರಿಸಲಾರದು. ಹೊಸ ಸೋಂಕಿನ ಆರಂಭದಲ್ಲಿ ವಿಡಿಆರ್‌ಎಲ್ ಕೂಡ ನೆಗೆಟಿವ್ ಇರಬಹುದು.

ಕೊಟ್ಟ ಸಲಹೆ: ಟಿಪಿಎಚ್‌ಎ ಇನ್ನು ಬೇಡ. ಚರ್ಮ ಮತ್ತು ಗುಹ್ಯರೋಗ ವೈದ್ಯರಿಗೆ ಈ ಸಂಪರ್ಕದ ವಿಷಯವನ್ನೂ ಹೇಳಿ. ಪೆನಿಸಿಲಿನ್ ಮತ್ತೆ ಬೇಕೇ ಎಂದು ಅವರೇ ನಿರ್ಧರಿಸಲಿ. ಸಂಪರ್ಕವಾಗಿ ಮೂರು ತಿಂಗಳಾದಾಗ ವಿಡಿಆರ್‌ಎಲ್, ಎಚ್‌ಐವಿ ಎರಡನ್ನೂ ಮತ್ತೆ ಮಾಡಿಸಿ. ನಡುವೆ ನೋವಿಲ್ಲದ ಹುಣ್ಣು, ದದ್ದು ಕಂಡರೆ ಅಂದೇ ಬನ್ನಿ. ಅಲ್ಲಿಯವರೆಗೆ ಹೆಂಡತಿಯೊಡನೆಯೂ ಕಾಂಡೋಮ್. ವೀಸಾ ಕೇಂದ್ರಕ್ಕೆ ಮದ್ದಿನ ದಿನಾಂಕ, ಪ್ರಮಾಣ, ಮೂರೂ ಟೈಟರ್ ಬರೆದ ವೈದ್ಯರ ಪತ್ರ ಕೊಡಬಹುದು. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು.

ಹೆಂಡತಿಗೆ ನಾಲ್ಕು ವರ್ಷದ ಹಿಂದೆ ಪರೀಕ್ಷೆಯೇ ಆಗಿರಲಿಲ್ಲ. ಅವರಿಗೆ ಎರಡೂ ಪರೀಕ್ಷೆ ಬೇಕು: ಚಿಕಿತ್ಸೆ ಪಡೆಯದವರಲ್ಲಿ ವಿಡಿಆರ್‌ಎಲ್ ನೆಗೆಟಿವ್ ಇದ್ದರೂ ಟಿಪಿಎಚ್‌ಎ ಪಾಸಿಟಿವ್ ಬಂದರೆ ಹಳೆಯ ಸೋಂಕು ಅಡಗಿರಬಹುದು. ಅದಕ್ಕೆ ವಾರಕ್ಕೊಂದರಂತೆ ಮೂರು ಚುಚ್ಚುಮದ್ದು.