ಆರೋಗ್ಯ ಪ್ರಶ್ನೋತ್ತರ: ಬಚ್ಚಲಿಗೆ 25 ಹೆಜ್ಜೆ

ಪ್ರಶ್ನೆ: ಅಪ್ಪನಿಗೆ 71 ವರ್ಷ, ಶ್ವಾಸಕೋಶದ ಕ್ಯಾನ್ಸರ್. ಕೀಮೋ ನಿಲ್ಲಿಸಿ, ಇನ್ನು ಉಪಶಮನ ಆರೈಕೆ (ರೋಗ ವಾಸಿಮಾಡುವ ಬದಲು ನೋವು, ಸಂಕಟ ತಗ್ಗಿಸುವ ಆರೈಕೆ) ಸಾಕು ಎಂದ ಡಾಕ್ಟರೇ ಫಿಸಿಯೋಥೆರಪಿಗೂ ಬರೆದುಕೊಟ್ಟಿದ್ದಾರೆ. ‘ಈ ಸ್ಥಿತಿಯಲ್ಲಿ ಕಸರತ್ತು ಮಾಡಿಸಿ ಯಾಕೆ ಹಿಂಸೆ’ ಎನ್ನುತ್ತಾರೆ ಚಿಕ್ಕಪ್ಪ. ಅಪ್ಪನ ಆಸೆ ಒಂದೇ: ಹಿತ್ತಿಲ ಬಚ್ಚಲುಮನೆಗೆ ತಾನೇ ನಡೆದು ಹೋಗಬೇಕು. 25 ಹೆಜ್ಜೆ ಅಷ್ಟೆ, ಅರ್ಧ ದಾರಿಗೇ ಏದುಸಿರು ಬರುತ್ತದೆ. – ಓದುಗರು, ಸುಂಟಿಕೊಪ್ಪ

ಉತ್ತರ: ಚಿಕ್ಕಪ್ಪನಿಗೆ ಕಾಳಜಿ ಇದೆ, ಲೆಕ್ಕ ಮಾತ್ರ ತಪ್ಪಿದೆ. ಮಲಗಿದಷ್ಟೂ ತೊಡೆಯ ಸ್ನಾಯು ಕರಗುತ್ತದೆ. ಕರಗಿದಷ್ಟೂ ಅದೇ 25 ಹೆಜ್ಜೆಗೆ ಹೆಚ್ಚು ಉಸಿರು ಬೇಕಾಗುತ್ತದೆ. ಬದುಕಿರುವಷ್ಟು ದಿನ ಆದಷ್ಟು ಚಟುವಟಿಕೆಯಿಂದ ಇರಲು ನೆರವಾಗುವುದೂ ಉಪಶಮನ ಆರೈಕೆಯ ಭಾಗ ಎಂದು ವಿಶ್ವ ಆರೋಗ್ಯ ಸಂಸ್ಥೆ 2002ರಲ್ಲೇ ಹೇಳಿದೆ. ಗುರಿ ಏನೆಂದು ರೋಗಿಯೇ ಹೇಳಬೇಕು. ನಿಮ್ಮ ತಂದೆ ಹೇಳಿಯಾಗಿದೆ.

ಮೊದಲು ಬಚ್ಚಲನ್ನೇ ನೋಡಿ. ಹಂಡೆ ಒಲೆಯ ಹೊಗೆ, ಮುಚ್ಚಿದ ಬಾಗಿಲು, ಬಿಸಿನೀರಿನ ಹಬೆ ಮೂರೂ ಸೇರಿದರೆ ಗಟ್ಟಿಮುಟ್ಟಾದವರಿಗೂ ಉಸಿರು ಕಟ್ಟುತ್ತದೆ. ನೀರು ಕಾದ ಮೇಲೆ ಒಲೆ ಆರಿಸಿ, ಹೊಗೆ ಹೋದ ನಂತರವೇ ಕರೆತನ್ನಿ. ಬಾಗಿಲು ಸ್ವಲ್ಪ ತೆರೆದಿರಲಿ. ಗೇಣೆತ್ತರವೂ ಇಲ್ಲದ ಮಣೆಯಿಂದ ಏಳುವುದೇ ದೊಡ್ಡ ಶ್ರಮ. ಸುಮಾರು 45 ಸೆಂ.ಮೀ. ಎತ್ತರದ, ಅಲುಗಾಡದ ಸ್ಟೂಲ್ ಇಡಿ. ಬಗ್ಗಿ ಕಾಲು ಒರೆಸಿಕೊಳ್ಳುವುದು ಬೇಡ, ದೊಡ್ಡ ಟವೆಲ್ ಹೊದಿಸಿ ಕೂರಿಸಿದರೆ ಸಾಕು.

ದಾರಿಯಲ್ಲಿ ಪ್ರತಿ 8–10 ಹೆಜ್ಜೆಗೊಂದು ಕುರ್ಚಿ. ಏದುಸಿರು ಹತ್ತಿದ ಮೇಲೆ ಕೂರುವುದಲ್ಲ, ಹತ್ತುವ ಮೊದಲೇ ಕೂರಬೇಕು. ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲೇ. ಕುಳಿತಾಗ ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಲಿ. ಮೂಗಿನಿಂದ ಉಸಿರೆಳೆದು, ಬಿಸಿ ಕಾಫಿ ಆರಿಸುವಂತೆ ತುಟಿ ಕೂಡಿಸಿ ನಿಧಾನಕ್ಕೆ ಬಿಡಲಿ. ಬ್ಯಾಟರಿಯ ಪುಟ್ಟ ಫ್ಯಾನನ್ನು ಮುಖದಿಂದ 15 ಸೆಂ.ಮೀ. ದೂರ ಹಿಡಿದು ಮೂಗು, ಮೇಲ್ದುಟಿಗೆ ಗಾಳಿ ತಾಗಿಸಿ. ಆ ತಂಪಿಗೇ ಉಸಿರಾಟದ ಕಷ್ಟ ಕಡಿಮೆ ಅನ್ನಿಸುತ್ತದೆ. ರಕ್ತದಲ್ಲಿ ಆಮ್ಲಜನಕ ಸರಿಯಿದ್ದರೆ ಸಿಲಿಂಡರಿಗೆ ದುಡ್ಡು ಸುರಿಯಬೇಡಿ.

ವ್ಯಾಯಾಮ ಒಂದೇ ಸಾಕು: ಕೈಗಳಿರುವ ಕುರ್ಚಿಯಿಂದ ಎದ್ದು ಕೂರುವುದು. ಏಳುವಾಗ ಉಸಿರು ಬಿಡಬೇಕು. ಒಮ್ಮೆಗೆ 5 ಸಲ, ದಿನಕ್ಕೆ ಎರಡು ಹೊತ್ತು. ಒಗ್ಗಿದರೆ ವಾರದ ಮೇಲೆ 8. ನೋವಿಗೆ ಮಾರ್ಫಿನ್ ಮಾತ್ರೆ ಇದ್ದರೆ, ನುಂಗಿ ಮುಕ್ಕಾಲು ಗಂಟೆ ಆದ ಮೇಲೆ ಮಾಡಿಸಿ. ಒಂದು ಸಣ್ಣ ವಾಕ್ಯ ಹೇಳಿ ಮುಗಿಸಲಾಗದಿದ್ದರೆ ಅಥವಾ ಮರುದಿನವಿಡೀ ಸುಸ್ತಾಗಿ ಮಲಗಿದರೆ ಅರ್ಧಕ್ಕಿಳಿಸಿ. ಜ್ವರ, ಎದೆನೋವು, ತಲೆಸುತ್ತು, ಒಂದೇ ಕಾಲಿನ ಹೊಸ ಊತ ಕಂಡರೆ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ.

ಪ್ರಶ್ನೆ: ಅತ್ತೆಯವರ ಸ್ತನ ಕ್ಯಾನ್ಸರ್ ಬೆನ್ನುಮೂಳೆಗೂ ಸೊಂಟಕ್ಕೂ ಹರಡಿದೆ. ಬಲಗಾಲು ನೋವು. ನಡೆಸಬಹುದೇ? ಎಣ್ಣೆ ಹಚ್ಚಿ ನೀವಿಸಬಹುದೇ? – ಓದುಗರು, ಪೊನ್ನಂಪೇಟೆ

ಉತ್ತರ: ಗಟ್ಟಿಯಾಗಿ ನೀವುವುದು ಬೇಡವೇ ಬೇಡ, ಟೊಳ್ಳಾದ ಮೂಳೆ ಮುರಿಯಬಹುದು. ಯಾವ ಮೂಳೆ ಎಷ್ಟು ಭಾರ ತಡೆಯುತ್ತದೆಂದು ಎಕ್ಸ್‌ರೇ ಅಥವಾ ಸ್ಕ್ಯಾನ್ ನೋಡಿ ಡಾಕ್ಟರು ಹೇಳಿದ ಮೇಲೆಯೇ ನಡಿಗೆ. ಬಲಗಾಲು ನೋವಾದರೆ ಕೋಲು ಎಡಗೈಯಲ್ಲಿರಲಿ, ಹಿಡಿ ಮಣಿಕಟ್ಟಿನ ಮಟ್ಟಕ್ಕೆ ಬರಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮಳೆಗಾಲದ ಪಾಚಿ ಹಿಡಿದ ಅಂಗಳಕ್ಕೆ ಸವೆದ ರಬ್ಬರ್ ಬುಡದ ಕೋಲು ಅಪಾಯ, ಬುಡ ಬದಲಿಸಿ. ಮಗ್ಗುಲಾಗುವಾಗ ಸೊಂಟ ತಿರುಚದೆ ಭುಜ, ಸೊಂಟ, ಮಂಡಿ ಒಟ್ಟಿಗೆ ಹೊರಳಲಿ.

ಒಂದು ಮಾತು ಮನೆಯವರೆಲ್ಲರಿಗೂ ಗೊತ್ತಿರಲಿ. ಬೆನ್ನಿನಲ್ಲಿ ಹೊಸ ನೋವು, ಎದೆಗೆ ಪಟ್ಟಿ ಬಿಗಿದಂತೆ ಅನ್ನಿಸುವುದು, ಕಾಲು ಸೋಲುವುದು ಅಥವಾ ಜೋಮು, ಮೂತ್ರ ಕಟ್ಟುವುದು – ಇವು ಬೆನ್ನುಹುರಿ ಒತ್ತಿಹೋಗುತ್ತಿರುವ ಲಕ್ಷಣಗಳು. ‘ಮಳೆ ಬಿಡಲಿ, ನಾಳೆ ಹೋಗೋಣ’ ಎನ್ನುವಂತಿಲ್ಲ. ಮಲಗಿಸಿಯೇ ಅಂದೇ ಸಾಗಿಸಿ. 108ಕ್ಕೆ ಕರೆ ಮಾಡುವಾಗಲೂ ಹಾಗೆಂದೇ ಹೇಳಿ. ಎಂಆರ್‌ಐ, ರೇಡಿಯೋಥೆರಪಿ ಎಲ್ಲಿ ಬೇಗ ಆಗುತ್ತದೆಂದು ಚಿಕಿತ್ಸೆ ಕೊಡುವ ಡಾಕ್ಟರನ್ನು ಇವತ್ತೇ ಕೇಳಿಟ್ಟುಕೊಳ್ಳಿ. ನಡೆಯುತ್ತಿರುವಾಗಲೇ ಚಿಕಿತ್ಸೆ ಸಿಕ್ಕವರಲ್ಲಿ ಹೆಚ್ಚಿನವರ ನಡಿಗೆ ಉಳಿಯುತ್ತದೆ. ಕಾಲು ಪೂರ್ತಿ ಸೋತ ಮೇಲೆ ಮರಳುವುದು ಅಪರೂಪ.

ಪ್ರಶ್ನೆ: ಪಾರ್ಶ್ವವಾಯು ಆಗಿರುವ ಯಜಮಾನರನ್ನು ದಿನಾ ಎತ್ತಿ ಎತ್ತಿ ನನ್ನ ಸೊಂಟವೇ ಹೋಗಿದೆ. ಲೈನ್‌ಮನೆಯಲ್ಲಿ (ತೋಟದ ಕಾರ್ಮಿಕರ ಸಾಲುಮನೆ) ಇಬ್ಬರೇ ಇದ್ದೇವೆ. – ಓದುಗರು, ಸಿದ್ದಾಪುರ

ಉತ್ತರ: ಕಂಕುಳಿಗೆ ಕೈಕೊಟ್ಟು ಎತ್ತಬೇಡಿ, ಸೋತ ಭುಜದ ಕೀಲು ಜಾರುತ್ತದೆ. ಹಳೆಯ ಪಂಚೆಯನ್ನು ಅಗಲ ಪಟ್ಟಿಯಾಗಿ ಮಡಚಿ ಅವರ ಸೊಂಟಕ್ಕೆ ಕಟ್ಟಿ, ಅದನ್ನು ಹಿಡಿಯಿರಿ. ಕುರ್ಚಿ ಅವರ ಸರಿಯಿರುವ ಬದಿಯಲ್ಲಿ, ಮಂಚಕ್ಕೆ ಓರೆಯಾಗಿರಲಿ. ಮಂಚದ ಅಂಚಿಗೆ ಸರಿಸಿ, ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ತನ್ನಿ. ನಿಮ್ಮ ಮಂಡಿಯನ್ನು ಅವರ ಸೋತ ಮಂಡಿಗೆ ಅಡ್ಡ ಕೊಡಿ. ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಅವರು ಮುಂದೆ ಬಾಗಿದ ಮೇಲೆ, ಒಂದು, ಎರಡು, ಮೂರು ಎಂದು ಇಬ್ಬರೂ ಸೇರಿ ಏಳಿ. ಬಾಗುವ ಮೊದಲೇ ಎಳೆದರೆ ಪೂರಾ ಭಾರ ನಿಮ್ಮ ಸೊಂಟಕ್ಕೇ ಬೀಳುತ್ತದೆ.

ಅವರಿಂದ ಬಾಗಲಾಗದ ದಿನ ಎತ್ತುವುದೇ ಬೇಡ. ಬೆಡ್‌ಪ್ಯಾನ್ ಕೊಡಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಅವರ ಕೆಳಗೆ ಎರಡು ಮಡಿಕೆಯ ಬೆಡ್‌ಶೀಟ್ ಹಾಸಿಟ್ಟಿದ್ದರೆ, ಅದನ್ನೇ ಹಿಡಿದು ನೀವೊಬ್ಬರೇ ಹೊರಳಿಸಬಹುದು.