ಸಂಪಾದಕರ ಉತ್ತರ: ಹೊಲಾರ್‌ನ ತಾಮ್ರದ ತಗಡುಗಳು

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ 1666ರ ಲಂಡನ್ ಅಗ್ನಿದುರಂತದ ಲೇಖನದ ಜೊತೆಗೆ ನಾವು ಅಚ್ಚು ಹಾಕಿದ್ದ ಹದಿನೇಳನೆಯ ಶತಮಾನದ ಚಿತ್ರಕಾರ ವೆನ್ಸೆಸ್ಲಾಸ್ ಹೊಲಾರ್ ಮಾಡಿದ ಹಳೆಯ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಚಿತ್ರವನ್ನು ಕುರಿತು ಧಾರವಾಡದಿಂದ ತಾವು ಬರೆದ ಪತ್ರ ಕೈಸೇರಿತು. ಮೂರು ದಶಕ ಚಿತ್ರಕಲೆಯನ್ನು ಕಲಿಸಿದವರ ಕಣ್ಣಿನಿಂದ ತಾವು ಆ ಪುಟವನ್ನು ನೋಡಿದ್ದೀರಿ. ತಮ್ಮ ಆಕ್ಷೇಪಗಳು ಮೂರು. ಚಿತ್ರದ ಕೆಳಗೆ ‘ವೆನ್ಸೆಸ್ಲಾಸ್ ಹೊಲಾರ್‌ನ ಕೆತ್ತನೆ’ ಎಂದು ಹಾಕಿದ್ದು ತಪ್ಪು, ಅದು ಆಮ್ಲದಿಂದ ಮಾಡಿದ ಎಚಿಂಗ್ ಎಂಬುದು ಮೊದಲನೆಯದು. ಇದ್ದ ಕಟ್ಟಡವನ್ನು ಇದ್ದ ಹಾಗೆ ನಕಲು ಮಾಡುವ ‘ಯಾಂತ್ರಿಕ ಕೆಲಸ’ ಮಾಡಿದವನನ್ನು ಲೇಖಕರು ದೊಡ್ಡ ಕಲಾವಿದನೆಂದು ಕರೆದದ್ದು ಅತಿಯಾಯಿತು ಎಂಬುದು ಎರಡನೆಯದು. ತನ್ನದೇ ಲಂಡನ್ ನೋಟದಲ್ಲಿ ಶೇಕ್ಸ್‌ಪಿಯರನ ನಾಟಕಗಳಿಗೆ ಹೆಸರಾದ ಗ್ಲೋಬ್ ನಾಟಕಶಾಲೆಯ ಹೆಸರನ್ನು ಬೇರೊಂದು ಕಟ್ಟಡದ ಮೇಲೆ ಬರೆದವನ ಚಿತ್ರವನ್ನು ಇತಿಹಾಸದ ಸಾಕ್ಷಿಯೆಂದು ನಂಬುವುದು ಹೇಗೆ ಎಂಬುದು ಮೂರನೆಯದು. ಮೂರಕ್ಕೂ ಉತ್ತರ ಕೊಡಲು ಹೊರಟಾಗ, ತಾವು ಗಮನಿಸದ ನಾಲ್ಕನೆಯ ತಪ್ಪೊಂದು ನಮ್ಮ ಪುಟದಲ್ಲೇ ಸಿಕ್ಕಿತು. ಅದನ್ನೂ ಇಲ್ಲಿಯೇ ಹೇಳುತ್ತೇನೆ.

ಮೊದಲನೆಯ ಆಕ್ಷೇಪ ಸರಿ. ಕಲ್ಲಿಗೂ ಮರಕ್ಕೂ ಲೋಹಕ್ಕೂ ‘ಕೆತ್ತನೆ’ ಎಂಬ ಒಂದೇ ಮಾತು ನಮ್ಮಲ್ಲಿ ನಡೆಯುವುದರಿಂದ ಶೀರ್ಷಿಕೆ ಬರೆಯುವಾಗ ಕೈ ಆ ಕಡೆಗೆ ಹೋಯಿತು. ತಾಮ್ರವನ್ನು ಉಳಿಯಿಂದ ಕೆತ್ತುವ ವಿಧಾನವೇ ಬೇರೆ. ಬ್ಯೂರಿನ್ ಎಂಬ ಚೂಪಾದ ಉಕ್ಕಿನ ಉಳಿಯನ್ನು ಅಂಗೈಯಿಂದ ಒತ್ತಿ ಮುಂದಕ್ಕೆ ತಳ್ಳುತ್ತಾ, ತಗಡನ್ನೇ ತಿರುಗಿಸುತ್ತಾ, ತಾಮ್ರವನ್ನು ನೇರವಾಗಿ ಕೊರೆಯಬೇಕು. ಒತ್ತಡ ಹೆಚ್ಚಾದಲ್ಲಿ ಗೆರೆ ಉಬ್ಬುತ್ತದೆ, ಕಡಿಮೆಯಾದಲ್ಲಿ ಕೂದಲೆಳೆಯಂತೆ ಸಣ್ಣಗಾಗುತ್ತದೆ. 1623ರಲ್ಲಿ ಹೊರಬಂದ ಶೇಕ್ಸ್‌ಪಿಯರನ ನಾಟಕಗಳ ದೊಡ್ಡ ಸಂಪುಟದ ಮೊದಲಿಗೆ ಮಾರ್ಟಿನ್ ಡ್ರೂಸ್‌ಹೌಟ್ ಮಾಡಿದ ಮುಖಚಿತ್ರ ಅಂಥದ್ದು. ಆ ಗಟ್ಟಿಯಾದ, ಸ್ವಲ್ಪ ಬಿಗಿದುಕೊಂಡ ಮುಖವನ್ನು ನಮ್ಮ ಶಾಲೆಯ ಪಠ್ಯಪುಸ್ತಕಗಳಲ್ಲಿ ನೋಡದವರು ಕಡಿಮೆ.

ಹೊಲಾರ್‌ನ ದಾರಿ ಬೇರೆ. ನಯವಾಗಿ ಉಜ್ಜಿದ ತಾಮ್ರದ ತಗಡನ್ನು ಬಿಸಿ ಮಾಡಿ, ಮೇಣ ಮತ್ತು ರಾಳದ ತೆಳುವಾದ ಲೇಪವನ್ನು ಹಚ್ಚಿ, ಅದನ್ನು ದೀಪದ ಹೊಗೆಗೆ ಹಿಡಿದು ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಸೂಜಿಯಿಂದ ಗೀಚಿದಲ್ಲಿ ಲೇಪ ಎದ್ದು ಕೆಳಗಿನ ತಾಮ್ರ ಹೊಳೆಯುತ್ತದೆ. ಆಮೇಲೆ ಆಮ್ಲ ಸುರಿದರೆ ಲೇಪವಿದ್ದಲ್ಲಿ ಏನೂ ಆಗುವುದಿಲ್ಲ, ಗೆರೆ ಬಿದ್ದಲ್ಲಿ ಮಾತ್ರ ಆಮ್ಲ ತಾಮ್ರವನ್ನು ತಿನ್ನುತ್ತದೆ. ತಿಳಿಯಾಗಿ ಉಳಿಯಬೇಕಾದ ಗೆರೆಗಳ ಮೇಲೆ ಬೇಗನೆ ವಾರ್ನಿಷ್ ಹಚ್ಚಿ ತಡೆದು, ಗಾಢವಾಗಬೇಕಾದವನ್ನು ಇನ್ನಷ್ಟು ಹೊತ್ತು ಆಮ್ಲಕ್ಕೆ ಬಿಡಬೇಕು. ದೂರದ ಕಂಬ ತೆಳುವಾಗಿ, ಹತ್ತಿರದ ಕಂಬ ದಟ್ಟವಾಗಿ ಕಾಣುವುದು ಈ ಕಾಲದ ಲೆಕ್ಕದಿಂದ. ಒಂದೆರಡು ನಿಮಿಷ ಹೆಚ್ಚಾದರೆ ವಾರಗಳ ಕೆಲಸ ಕೆಡುತ್ತದೆ. ಚಳಿಗಾಲದಲ್ಲಿ ಹೆಂಗಸರು ಕೈ ತೂರಿಸಿಕೊಳ್ಳುತ್ತಿದ್ದ ತುಪ್ಪಳದ ತೋಳುಗಳನ್ನು ಹೊಲಾರ್ ಬರೆದ ಬಗೆ ನೋಡಿದರೆ, ಆ ಲೆಕ್ಕ ಅವನ ಕೈಗೆ ಎಷ್ಟು ಕರಗತವಾಗಿತ್ತೆಂಬುದು ತಿಳಿಯುತ್ತದೆ. ಅಲ್ಲಿ ಅಂಚನ್ನು ಗುರುತಿಸುವ ಗೆರೆಯೇ ಇಲ್ಲ, ಕೂದಲು ಮಾತ್ರ ಇದೆ.

ತಾಮ್ರಶಾಸನವೆಂದರೆ ನಮಗೆ ಗೊತ್ತು: ಅಲ್ಲಿ ಕೊರೆದ ಅಕ್ಷರವನ್ನು ತಗಡಿನ ಮೇಲೆಯೇ ಓದುತ್ತೇವೆ. ಮುದ್ರಣದ ತಗಡಿನಲ್ಲಿ ಕೊರೆದ ಗೆರೆ ಮಸಿ ಹಿಡಿಯುವ ಕಾಲುವೆ. ತಗಡಿಗೆಲ್ಲ ಮಸಿ ಬಳಿದು, ಮೇಲ್ಮೈಯನ್ನು ಬಟ್ಟೆಯಿಂದಲೂ ಅಂಗೈಯಿಂದಲೂ ಒರೆಸಿ, ಕಾಲುವೆಯಲ್ಲಿ ಉಳಿದ ಮಸಿಯನ್ನು ಒದ್ದೆ ಮಾಡಿದ ಕಾಗದಕ್ಕೆ ಎಳೆದುಕೊಳ್ಳಲು ಎರಡು ಉರುಳೆಗಳ ನಡುವೆ ಬಲವಾಗಿ ಒತ್ತಬೇಕು. ಅಚ್ಚಿನ ಮೊಳೆಯಾದರೋ ಉಬ್ಬಿದ್ದು. ಅದರ ತಲೆಯ ಮೇಲೆ ಮಸಿ, ಅದಕ್ಕೆ ತಿರುಪಿನ ಅಚ್ಚುಯಂತ್ರ. ಆದ್ದರಿಂದ ಆ ಕಾಲದ ಪುಸ್ತಕದಲ್ಲಿ ಬರಹ ಒಂದು ಯಂತ್ರದಲ್ಲಿ, ತಾಮ್ರದ ಚಿತ್ರ ಇನ್ನೊಂದು ಯಂತ್ರದಲ್ಲಿ ಅಚ್ಚಾಗಬೇಕಿತ್ತು. ಮರದ ಅಚ್ಚನ್ನು ಮೊಳೆಗಳ ಜೊತೆಗೇ ಕಟ್ಟಿ ಒಂದೇ ಒತ್ತಿಗೆ ಮುಗಿಸಬಹುದಿತ್ತು, ತಾಮ್ರಕ್ಕೆ ಆ ಸೌಲಭ್ಯವಿಲ್ಲ. ಒಂದೇ ಹಾಳೆಯಲ್ಲಿ ಎರಡೂ ಬೇಕಾದರೆ ಹಾಳೆಯನ್ನು ಎರಡು ಸಲ ಒತ್ತಬೇಕು, ಇಲ್ಲವೆಂದರೆ ಚಿತ್ರದ ಹಾಳೆಗಳನ್ನು ಬೇರೆಯಾಗಿ ಅಚ್ಚು ಮಾಡಿ ರಟ್ಟು ಕಟ್ಟುವಾಗ ಸೇರಿಸಬೇಕು. ಪುಸ್ತಕಕ್ಕೆ ಒಂದು ಚಿತ್ರ ಸೇರಿಸುವುದೆಂದರೆ ಹಣದ ದೊಡ್ಡ ನಿರ್ಧಾರವಾಗಿತ್ತು. ಆ ಹಣ ಎಲ್ಲಿಂದ ಬರುತ್ತಿತ್ತೆಂಬುದು ನಾವು ಅಚ್ಚು ಹಾಕಿದ ಚಿತ್ರದ ಮೂಲ ಹಾಳೆಯಲ್ಲೇ ಕಾಣುತ್ತದೆ. ಮೂಲೆಯಲ್ಲಿ ಒಂದು ಕುಲಲಾಂಛನ, ಅದರ ಜೊತೆಗೆ ಒಬ್ಬ ಗಣ್ಯನ ಹೆಸರು; ತಗಡಿನ ವೆಚ್ಚ ಭರಿಸಿದವನು ಅವನು.

ಎರಡನೆಯ ಆಕ್ಷೇಪಕ್ಕೆ ಉತ್ತರ ಆ ಪುಸ್ತಕದ ಹುಟ್ಟಿನಲ್ಲೇ ಇದೆ. ಅದು ವಿಲಿಯಂ ಡಗ್ಡೇಲ್ ಬರೆದು 1658ರಲ್ಲಿ ಪ್ರಕಟವಾದ ಸೇಂಟ್ ಪಾಲ್ಸ್ ಕೆಥೆಡ್ರಲ್‌ನ ಇತಿಹಾಸ. 1641ರಲ್ಲಿ, ರಾಜ ಮತ್ತು ಪಾರ್ಲಿಮೆಂಟಿನ ನಡುವೆ ಯುದ್ಧ ಬರುತ್ತದೆ, ಬಂದರೆ ಚರ್ಚುಗಳ ಸಮಾಧಿಗಳೂ ಶಾಸನಗಳೂ ಉಳಿಯಲಾರವು ಎಂದು ಅಂಜಿ, ಸರ್ ಕ್ರಿಸ್ಟೋಫರ್ ಹ್ಯಾಟನ್‌ನ ನೆರವಿನಿಂದ ಡಗ್ಡೇಲ್ ಊರೂರು ಸುತ್ತಿ ಸಮಾಧಿಗಳನ್ನು ದಾಖಲಿಸಿದ. ಚಿತ್ರ ಬರೆಯಲು ವಿಲಿಯಂ ಸೆಡ್ಜ್‌ವಿಕ್ ಎಂಬ ಚಿತ್ರಕಾರ ಜೊತೆಗಿದ್ದ. ಅಂಜಿಕೆ ನಿಜವಾಯಿತು. ಯುದ್ಧದ ವರ್ಷಗಳಲ್ಲಿ ಸೇಂಟ್ ಪಾಲ್ಸ್ ಅಶ್ವದಳದ ಲಾಯವಾಯಿತು, ದುರಸ್ತಿಗೆಂದು ಕಟ್ಟಿದ್ದ ಅಟ್ಟಣಿಗೆಯನ್ನು ಕಿತ್ತಾಗ ದಕ್ಷಿಣ ಭಾಗದ ಕಮಾನು ಕುಸಿಯಿತು, ಸಮಾಧಿಗಳು ಒಡೆದವು. ಹದಿನೇಳು ವರ್ಷದ ಮೇಲೆ ಪುಸ್ತಕ ತಯಾರಾದಾಗ, ಹೊಲಾರ್ ಅಲ್ಲಿನ ಸಮಾಧಿಗಳನ್ನು ತಗಡಿಗೆ ಇಳಿಸಿದ್ದು ಆ ಹೊತ್ತಿನ ಮುರುಕು ಕಲ್ಲನ್ನು ನೋಡಿ ಅಲ್ಲ. ಸೆಡ್ಜ್‌ವಿಕ್‌ನ ರೇಖಾಚಿತ್ರಗಳನ್ನು ಎದುರಿಗಿಟ್ಟುಕೊಂಡು. ಕಟ್ಟಡದ ಒಳಹೊರಗಿನ ನೋಟಗಳು ಮಾತ್ರ ಅವನ ಕಣ್ಣಿನವು. ಅಂದರೆ ಒಂದೇ ಪುಸ್ತಕದಲ್ಲಿ ಅವನು ಒಮ್ಮೆ ತನ್ನ ಕಣ್ಣನ್ನೂ ಒಮ್ಮೆ ಇನ್ನೊಬ್ಬನ ಕೈಯನ್ನೂ ನಂಬಿ ಕೆಲಸ ಮಾಡಿದ್ದಾನೆ. ಬೀಳುತ್ತಿದ್ದ ಕಟ್ಟಡವನ್ನು, ಬೀಳುವ ಮೊದಲು ಅದು ಇದ್ದಂತೆ ಓದುಗನ ಮುಂದಿಟ್ಟಿದ್ದಾನೆ. ಇದನ್ನು ನಕಲು ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ನಮ್ಮ ನಾಲ್ಕನೆಯ ತಪ್ಪು ಇಲ್ಲಿದೆ. ನಾವು ಪ್ರಕಟಿಸಿದ ಚಿತ್ರದಲ್ಲಿ ಕೆಥೆಡ್ರಲ್‌ನ ನಡುವೆ ಎತ್ತರದ ಚೂಪು ಶಿಖರವಿದೆ, ಕೆಳಗೆ ನಾವು ‘ಹೊಲಾರ್ ಕಣ್ಣಾರೆ ಕಂಡಂತೆ’ ಎಂದು ಬರೆದೆವು. ಆ ಶಿಖರ 1561ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು, ಮತ್ತೆ ಕಟ್ಟಲಿಲ್ಲ. ಹೊಲಾರ್ ಪ್ರಾಗ್ ನಗರದಲ್ಲಿ ಹುಟ್ಟಿದ್ದು 1607ರಲ್ಲಿ. ಅವನು ಯಾರನ್ನೂ ಮೋಸಗೊಳಿಸಲಿಲ್ಲ. ಆಕಾಶದ ಬೆಂಕಿಗೆ ಶಿಖರ ಸುಡುವ ಮೊದಲು ಚರ್ಚು ಹೇಗಿತ್ತೋ ಹಾಗೆ ತೋರಿಸಿದೆ ಎಂಬ ಅರ್ಥದ ಲ್ಯಾಟಿನ್ ಮಾತನ್ನು ಆ ಹಾಳೆಯ ಮೇಲೆಯೇ ಕೊರೆದಿದ್ದಾರೆ. ಓದದೆ ಹೋದವರು ನಾವು. ಅದೇ ಪುಸ್ತಕದಲ್ಲಿ ಶಿಖರವಿಲ್ಲದ, ಮೊಂಡು ಗೋಪುರದ ನೋಟಗಳೂ ಇವೆ. ಅವು ಅವನು ಕಂಡದ್ದು.

ಇನ್ನೊಬ್ಬರ ಕಲ್ಪನೆಯನ್ನು ತಗಡಿಗೆ ಇಳಿಸುವುದು ಆ ಕಾಲದ ಕಸುಬಿನ ನಿತ್ಯದ ಕೆಲಸವೂ ಆಗಿತ್ತು. ಜಾನ್ ಓಗಿಲ್ಬಿ 1654ರಲ್ಲಿ ತಂದ ವರ್ಜಿಲ್ ಕವಿಯ ದೊಡ್ಡ ಸಂಪುಟಕ್ಕೆ ಚಿತ್ರಗಳನ್ನು ಕಲ್ಪಿಸಿದವನು ಫ್ರಾನ್ಸಿಸ್ ಕ್ಲೈನ್. ತಗಡಿಗೆ ಇಳಿಸಿದವರು ಹೊಲಾರ್, ಲೊಂಬಾರ್, ಫೇಥೋರ್ನ್ ಮುಂತಾದವರು. ತಗಡಿಗೆ ಪುಸ್ತಕಕ್ಕಿಂತ ದೀರ್ಘ ಆಯುಸ್ಸು. 1697ರಲ್ಲಿ ಇಂಗ್ಲಿಷ್ ಕವಿ ಡ್ರೈಡನ್‌ನ ವರ್ಜಿಲ್ ಅನುವಾದ ಬಂದಾಗ ಪ್ರಕಾಶಕ ಜೇಕಬ್ ಟಾನ್‌ಸನ್ ಅದೇ ಹಳೆಯ ತಗಡುಗಳನ್ನು ಮತ್ತೆ ಬಳಸಿದ. ಒಟ್ಟು 101 ತಗಡು, ಒಂದೊಂದಕ್ಕೂ ಐದು ಗಿನಿ ಕೊಟ್ಟ ಒಬ್ಬೊಬ್ಬ ಪೋಷಕ, ಅವನ ಲಾಂಛನ ಹೊಸದಾಗಿ ಕೊರೆದದ್ದು. ಅಷ್ಟಕ್ಕೇ ನಿಲ್ಲದೆ, ಕಥಾನಾಯಕ ಈನಿಯಸ್‌ನ ಮೂಗನ್ನು ಆಗಿನ ದೊರೆ ಮೂರನೆಯ ವಿಲಿಯಂನ ಮೂಗಿನಂತೆ ಬಾಗಿಸಿ ತಿದ್ದಿಸಿದರು. ಕೊರೆದವನು ಸತ್ತು ಇಪ್ಪತ್ತು ವರ್ಷವಾದ ಮೇಲೂ ತಗಡುಗಳು ಹೀಗೆ ಒಡೆಯರನ್ನು ಬದಲಿಸುತ್ತಾ ದುಡಿಯುತ್ತಿದ್ದವು.

ಮೂರನೆಯದು ಗ್ಲೋಬ್‌ನ ವಿಷಯ. 1647ರ ಆ ಉದ್ದನೆಯ ಲಂಡನ್ ನೋಟದಲ್ಲಿ ಗ್ಲೋಬ್ ಮತ್ತು ಕರಡಿ ಕಾದಾಟದ ಅಖಾಡದ ಹೆಸರುಗಳು ಅದಲುಬದಲಾಗಿವೆ ಎಂಬುದು ನಿಜ. ಅಂತರ್ಯುದ್ಧದಿಂದಾಗಿ ಹೊಲಾರ್ 1644ರಲ್ಲಿ ಆಂಟ್‌ವರ್ಪ್‌ಗೆ ಹೋಗಿದ್ದ. ಲಂಡನ್ನಿನಲ್ಲಿ ವರ್ಷಗಳ ಹಿಂದೆ ಬರೆದುಕೊಂಡ ರೇಖಾಚಿತ್ರಗಳನ್ನಿಟ್ಟುಕೊಂಡು ಆ ನೋಟವನ್ನು ಅಲ್ಲಿ ಕುಳಿತು ಮುಗಿಸಿದ. ಆದರೆ ತಪ್ಪಿದ್ದು ಹೆಸರು, ಕಟ್ಟಡದ ಆಕಾರವಲ್ಲ. ಅವನ ಮೂಲ ಪೆನ್ಸಿಲ್ ರೇಖಾಚಿತ್ರ ಉಳಿದಿದೆ; 1997ರಲ್ಲಿ ಲಂಡನ್ನಿನಲ್ಲಿ ಗ್ಲೋಬನ್ನು ಮತ್ತೆ ಕಟ್ಟಿ ತೆರೆಯುವ ಮೊದಲು ವಿದ್ವಾಂಸರು ಅಳತೆಗಾಗಿ ಆಧರಿಸಿದ ಮುಖ್ಯ ದಾಖಲೆಗಳಲ್ಲಿ ಅದೂ ಒಂದು.

ತಮ್ಮ ಸಂಶಯಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರವನ್ನು ನಾನೇ ಕೊಡುತ್ತೇನೆ. ಡಗ್ಡೇಲ್ 1656ರಲ್ಲಿ ತಂದ ವಾರಿಕ್‌ಷೈರ್ ಜಿಲ್ಲೆಯ ಪುರಾತನ ಇತಿಹಾಸದಲ್ಲಿ ಸ್ಟ್ರಾಟ್‌ಫರ್ಡ್ ಚರ್ಚಿನ ಶೇಕ್ಸ್‌ಪಿಯರ್ ಸ್ಮಾರಕದ ಚಿತ್ರವಿದೆ, ಅದನ್ನು ಸಾಮಾನ್ಯವಾಗಿ ಹೊಲಾರ್‌ನದೆಂದೇ ಹೇಳುತ್ತಾರೆ. ಇಂದು ಚರ್ಚಿನಲ್ಲಿರುವ ಪ್ರತಿಮೆ ಕೈಯಲ್ಲಿ ಲೇಖನಿ ಹಿಡಿದು ಬರೆಯುತ್ತಿದೆ. ಪುಸ್ತಕದ ಚಿತ್ರದಲ್ಲಿ ಲೇಖನಿಯಿಲ್ಲ, ಎರಡೂ ಕೈ ದಿಂಬಿನಂಥ ಒಂದು ಮೂಟೆಯನ್ನು ಅವಚಿಕೊಂಡಿವೆ. ಇದನ್ನೇ ಹಿಡಿದು ಶೇಕ್ಸ್‌ಪಿಯರ್ ಬರಹಗಾರನೇ ಅಲ್ಲವೆಂದು ವಾದಿಸಿದವರೂ ಇದ್ದಾರೆ. ಆದರೆ ಆ ತಗಡಿಗೆ ಮೂಲ ಡಗ್ಡೇಲ್ ಸ್ವತಃ 1634ರಲ್ಲಿ ಗೀಚಿಕೊಂಡ ಚಿತ್ರ. ಡಗ್ಡೇಲ್‌ಗೆ ಶಾಸನ, ಲಾಂಛನಗಳ ಮೇಲಿದ್ದ ಶ್ರದ್ಧೆ ಪ್ರತಿಮೆಯ ಕೈಬೆರಳುಗಳ ಮೇಲಿರಲಿಲ್ಲ. ಆದ್ದರಿಂದ ಆ ಕಾಲದ ಪುಸ್ತಕಚಿತ್ರವನ್ನು ಸಾಕ್ಷಿಯಾಗಿ ಕರೆಯುವಾಗ ‘ಇದನ್ನು ಕೊರೆದವನು ಯಾರು’ ಎಂದು ಕೇಳಿದರೆ ಸಾಲದು, ‘ಮೊದಲು ನೋಡಿದವನು ಯಾರು’ ಎಂದೂ ಕೇಳಬೇಕು. ಅದೇ ಸೇಂಟ್ ಪಾಲ್ಸ್ ಪುಸ್ತಕದಲ್ಲಿ ಕವಿ ಜಾನ್ ಡನ್‌ನ ಸ್ಮಾರಕದ ಚಿತ್ರವಿದೆ: ಹೆಣದ ಬಟ್ಟೆ ಸುತ್ತಿಕೊಂಡು ಕಲಶದ ಮೇಲೆ ನಿಂತ ಆಕೃತಿ. ಆ ಅಮೃತಶಿಲೆಯ ಪ್ರತಿಮೆ 1666ರ ಬೆಂಕಿಯಲ್ಲಿ ಉಳಿದು ಇಂದಿನ ಹೊಸ ಕೆಥೆಡ್ರಲ್‌ನಲ್ಲಿ ನಿಂತಿದೆ. ಚಿತ್ರವನ್ನು ಕಲ್ಲಿನ ಪಕ್ಕಕ್ಕಿಟ್ಟು ನೋಡಲು ನಮಗೆ ಸಿಕ್ಕಿರುವ ಅಪರೂಪದ ಅವಕಾಶ ಅದು. ಆಕೃತಿಯ ನಿಲುವೂ ಬಟ್ಟೆಯ ಗಂಟೂ ಎರಡರಲ್ಲೂ ಒಂದೇ.

ಈ ಮನುಷ್ಯನ ದುಡಿಮೆಯ ಬಗೆಗೂ ಒಂದು ಮಾತು ಹೇಳಬೇಕು, ಏಕೆಂದರೆ ‘ಯಾಂತ್ರಿಕ ಕೆಲಸ’ ಎಂಬ ತಮ್ಮ ಪದ ನನ್ನನ್ನು ನೋಯಿಸಿತು. ಅವನನ್ನು ಬಲ್ಲ ಚಿತ್ರಕಾರ ಫ್ರಾನ್ಸಿಸ್ ಪ್ಲೇಸ್ ಬರೆದಿಟ್ಟಂತೆ, ಹೊಲಾರ್ ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದ. ಎದುರಿಗೆ ಮರಳಿನ ಗಡಿಯಾರ ಇರುತ್ತಿತ್ತು, ಯಾರಾದರೂ ಮಾತಾಡಿಸಲು ಬಂದರೆ ಅವರು ಹೋಗುವವರೆಗೆ ಅದನ್ನು ಪಕ್ಕಕ್ಕೆ ಮಲಗಿಸಿಡುತ್ತಿದ್ದ. ಮಾಡದ ಕೆಲಸಕ್ಕೆ ಕಾಸು ಪಡೆಯಲಾರದ ಪ್ರಾಮಾಣಿಕತೆ ಅದು. ಅವನಿಗೆ ದೃಷ್ಟಿ ಹತ್ತಿರಕ್ಕೆ ಮಾತ್ರ ಚುರುಕಾಗಿತ್ತು, ಅವನ ಗೆರೆಯ ಸೂಕ್ಷ್ಮವನ್ನು ಭೂತಗನ್ನಡಿಯಿಲ್ಲದೆ ಅಳೆಯಲಾಗದು ಎಂದು ಆ ಕಾಲದ ಜೀವನಚರಿತ್ರೆಕಾರ ಜಾನ್ ಆಬ್ರಿ ದಾಖಲಿಸಿದ್ದಾನೆ. ಒಳ್ಳೆಯ ಮನುಷ್ಯ, ಲೋಕವ್ಯವಹಾರ ತಿಳಿಯದವ, ಹಣವಂತನಾಗಿ ಸಾಯಲಿಲ್ಲ ಎಂದೂ. ಸುಮಾರು 2,700 ತಗಡುಗಳನ್ನು ಮಾಡಿ 1677ರ ಮಾರ್ಚ್ 25ರಂದು ಅವನು ತೀರಿಕೊಂಡ. 1665ರ ಪ್ಲೇಗಿನಲ್ಲಿ ಮಗನನ್ನು, ಮರುವರ್ಷದ ಬೆಂಕಿಯಲ್ಲಿ ತಾನು ಕೊರೆದ ಲಂಡನ್ನನ್ನು ಕಳೆದುಕೊಂಡವನು. ಸೇಂಟ್ ಪಾಲ್ಸ್ ಸುತ್ತಲಿನ ಅಂಗಳವೇ ಇಂಗ್ಲಿಷ್ ಪುಸ್ತಕ ವ್ಯಾಪಾರದ ಕೇಂದ್ರವಾಗಿತ್ತು. ಬೆಂಕಿ ಬಂದಾಗ ವ್ಯಾಪಾರಿಗಳು ಕೆಥೆಡ್ರಲ್ ಕೆಳಗಿನ ನೆಲಮಾಳಿಗೆಯಲ್ಲಿ ತುಂಬಿಸಿಟ್ಟ ಪುಸ್ತಕಗಳು ಕಟ್ಟಡದ ಜೊತೆಗೇ ಸುಟ್ಟವು. ಹೊರಗೆ ಹೋಗಿ ಓದುಗರ ಮನೆ ಸೇರಿದ್ದ ಪ್ರತಿಗಳಲ್ಲಿ ಕೆಥೆಡ್ರಲ್ ಉಳಿಯಿತು.

ಬೆಂಕಿಗೆ ಎಂಟು ವರ್ಷ ಮೊದಲೇ, ಆ ಪುಸ್ತಕದ ಒಂದು ತಗಡಿನ ಮೇಲೆ ಹೊಲಾರ್ ಲ್ಯಾಟಿನ್‌ನಲ್ಲಿ ಒಂದು ಸಾಲು ಕೊರೆದಿದ್ದ: ದಿನದಿನವೂ ಬೀಳುವುದನ್ನೇ ಕಾಯುತ್ತಿರುವ ಈ ಚರ್ಚನ್ನು ಬರೆದವನು, ಒಂದು ಕಾಲಕ್ಕೆ ಇದನ್ನು ಬೆರಗಿನಿಂದ ನೋಡಿದವನು, ಬೊಹೀಮಿಯದ ವೆನ್ಸೆಸ್ಲಾಸ್ ಹೊಲಾರ್, ಇದರ ನೆನಪನ್ನು ಹೀಗೆ ಉಳಿಸಿದ್ದಾನೆ. ಇಪ್ಪತ್ತರ ಹರೆಯದಲ್ಲಿ ಊರು ಬಿಟ್ಟು ಬಂದ ಪರದೇಶಿ ಇನ್ನೊಂದು ನಾಡಿನ ಚರ್ಚಿಗಾಗಿ ಬರೆದ ಆ ಸಾಲನ್ನು ತಾವು ಒಮ್ಮೆ ಓದಿ, ಎರಡನೆಯ ಆಕ್ಷೇಪವನ್ನು ಮರುಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.

ಚಿತ್ರದ ಶೀರ್ಷಿಕೆಯನ್ನು ಹೀಗೆ ತಿದ್ದಿ ಓದಿಕೊಳ್ಳಬೇಕೆಂದು ಎಲ್ಲ ಓದುಗರಲ್ಲಿ ಕೋರಿಕೆ: ‘ಹಳೆಯ ಸೇಂಟ್ ಪಾಲ್ಸ್ ಕೆಥೆಡ್ರಲ್, 1561ರಲ್ಲಿ ಸುಟ್ಟುಹೋದ ಶಿಖರವನ್ನು ಕಲ್ಪಿಸಿ ಸೇರಿಸಿದ ನೋಟ. ವೆನ್ಸೆಸ್ಲಾಸ್ ಹೊಲಾರ್ ಮಾಡಿದ ತಾಮ್ರದ ಎಚಿಂಗ್. ವಿಲಿಯಂ ಡಗ್ಡೇಲ್‌ನ 1658ರ ಗ್ರಂಥದಿಂದ.’

ಸಂಪಾದಕ