ಓದು ಬಲ್ಲವಳಿಗೆ ಸಹಿ ಹಾಕಲು ಬಾರದೇಕೆ?

ತಿಪಟೂರಿನ ಓದುಗರಿಗೆ ನಮಸ್ಕಾರ.

ವಸಾಹತು ಕಾಲದ ಅಮೆರಿಕದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಪತ್ರ ತಲುಪಿತು. "ಮ್ಯಾಸಚೂಸೆಟ್ಸ್‌ನಲ್ಲಿ ಮಕ್ಕಳಿಗೆ ಓದು ಕಲಿಸಲೇಬೇಕೆಂದು ಕಾನೂನಿತ್ತು ಅಂತೀರಿ. ಅಲ್ಲಿನ ಎಷ್ಟೋ ಹೆಂಗಸರು ಸಹಿ ಬಾರದೆ ಪತ್ರಗಳ ಮೇಲೆ ಬರೀ ಗುರುತು ಎಳೆಯುತ್ತಿದ್ದರು ಅಂತಲೂ ಹೇಳ್ತೀರಿ. ಎರಡೂ ಹೇಗೆ ನಿಜವಾಗುತ್ತೆ?" ಎಂದು ಕೇಳಿದ್ದೀರಿ. ವರ್ಷಗಟ್ಟಲೆ ಒಂದನೇ ಕ್ಲಾಸಿಗೆ ಪಾಠ ಮಾಡಿದವರಿಗೇ ಹೊಳೆಯುವಂಥ ಪ್ರಶ್ನೆ ಇದು.

ಎರಡೂ ನಿಜ ಮೇಡಂ. ನಮ್ಮ ಮಕ್ಕಳು ಅ, ಆ ಓದುತ್ತಲೇ ತಿದ್ದುತ್ತಾರೆ, ಅಲ್ವಾ? ಅಲ್ಲಿ ಹಾಗಿರಲಿಲ್ಲ. ಮೊದಲು ಓದು. ಬರವಣಿಗೆ ಆಮೇಲೆ, ಅದೂ ಎಲ್ಲರಿಗೂ ಅಲ್ಲ.

1630ರಲ್ಲಿ ಮ್ಯಾಸಚೂಸೆಟ್ಸ್‌ನ ಬಾಸ್ಟನ್ ಕಟ್ಟಿದವರು ಪ್ಯೂರಿಟನ್ನರು, ಅಂದರೆ ಇಂಗ್ಲೆಂಡಿನಿಂದ ಬಂದ ಕಟ್ಟಾ ಪ್ರೊಟೆಸ್ಟಂಟ್ ಕ್ರೈಸ್ತರು. ಅವರು ಬೈಬಲ್ಲನ್ನು ಪ್ರತಿಯೊಬ್ಬರೂ ತಾವೇ ಓದಬೇಕು ಎಂದು ನಂಬಿದ್ದರು. ಪಾದ್ರಿ ಹೇಳಿದ್ದನ್ನು ಕೇಳಿಸಿಕೊಂಡರೆ ಸಾಲದು. 1642ರ ಕಾನೂನು ಹುಟ್ಟಿದ್ದು ಹೀಗೆ. ಅದು ಶಾಲೆ ತೆರೆಯಿರಿ ಅನ್ನಲಿಲ್ಲ, ಹೊಣೆಯನ್ನು ಮನೆಯ ಮೇಲೆ ಹಾಕಿತು. ಮಕ್ಕಳು ಧರ್ಮದ ಮೂಲಪಾಠವನ್ನೂ ಮುಖ್ಯ ಕಾನೂನುಗಳನ್ನೂ ಓದಿ ತಿಳಿಯುವಂತೆ ಅಪ್ಪ ಅಮ್ಮ ನೋಡಿಕೊಳ್ಳಬೇಕಿತ್ತು. ಕಸುಬು ಕಲಿಯಲು ಬಂದ ಹುಡುಗರ ಹೊಣೆ ಯಜಮಾನರದು. ಅಸಡ್ಡೆ ಮಾಡಿದವರ ಮಕ್ಕಳನ್ನು ಬೇರೆ ಮನೆಗೆ ಒಪ್ಪಿಸುವ ಅಧಿಕಾರವೂ ಊರಿನ ಹಿರಿಯರಿಗಿತ್ತು. 50 ಮನೆಗಳಿರುವ ಊರು ಮೇಷ್ಟ್ರನ್ನು ಇಡಬೇಕು ಎಂಬ ನಿಯಮ ಬಂದದ್ದು 1647ರಲ್ಲಿ.

ಮಗುವಿನ ಮೊದಲ ಪುಸ್ತಕ ಹೇಗಿತ್ತು ಗೊತ್ತಾ? ಹಿಡಿಯಿರುವ ಪುಟ್ಟ ಮರದ ಹಲಗೆ. ಅದರ ಮೇಲೆ ಒಂದೇ ಒಂದು ಹಾಳೆ. ಮೇಲುಗಡೆ ಅಕ್ಷರಮಾಲೆ, ಆಮೇಲೆ ಅಬ್, ಎಬ್, ಇಬ್ ಅಂತ ಕೂಡಿಸಿ ಓದುವ ಪಾಠ, ಕೆಳಗೆ ಕರ್ತನ ಪ್ರಾರ್ಥನೆ. ಹಾಳೆ ಹಾಳಾಗದಿರಲಿ ಎಂದು ದನದ ಕೊಂಬನ್ನು ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ ಹೊದಿಸುತ್ತಿದ್ದರು. ತಾಯಿಯೋ ನೆರೆಮನೆಯ ಹೆಂಗಸೋ ಮನೆಗೆಲಸದ ಮಧ್ಯೆಯೇ ಪಾಠ ಹೇಳುತ್ತಿದ್ದಳು. ಮಗು ಒಂದೊಂದೇ ಅಕ್ಷರ ಗಟ್ಟಿಯಾಗಿ ಹೇಳಿ ಪದ ಕೂಡಿಸುತ್ತಿತ್ತು. ಇದಕ್ಕೆ ಮಸಿ ಬೇಡ, ಲೇಖನಿ ಬೇಡ. ಹಾಗಾಗಿ ಬರೆಯಲು ಬಾರದ ತಾಯಿಯೂ ಮಗುವಿಗೆ ಓದು ಕಲಿಸಿಬಿಡುತ್ತಿದ್ದಳು.

ಬರವಣಿಗೆಯದು ಬೇರೆ ಕಥೆ. ಹಕ್ಕಿಯ ಗರಿಯನ್ನು ಚಾಕುವಿನಿಂದ ಸರಿಯಾಗಿ ಕತ್ತರಿಸಬೇಕು, ಮಸಿ ತಯಾರಿಸಿಕೊಳ್ಳಬೇಕು. ವ್ಯಾಪಾರ, ಲೆಕ್ಕಪತ್ರಕ್ಕೆ ಬೇಕಾದ ವಿದ್ಯೆ ಅದು ಎಂದು ಗಂಡುಹುಡುಗರಿಗೆ ಕಲಿಸುತ್ತಿದ್ದರು. ಹುಡುಗಿಗೆ ಸಿಕ್ಕಿದ್ದು ಸೂಜಿ, ದಾರ. ಬಟ್ಟೆಯ ಮೇಲೆ ಇಡೀ ಅಕ್ಷರಮಾಲೆಯನ್ನು ಕಸೂತಿ ಹಾಕಿದವಳೇ ಕಾಗದದ ಮೇಲೆ ತನ್ನ ಹೆಸರು ಬರೆಯಲಾರಳು. ನನಗಂತೂ ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಓದು ವಿಧೇಯತೆ ಕಲಿಸುತ್ತದೆ ಎಂದು ಅವರು ಭಾವಿಸಿದ್ದರು. ಬರವಣಿಗೆ ಹಾಗಲ್ಲ, ಸ್ವಂತ ಮಾತಿಗೆ ದಾರಿ ಮಾಡಿಕೊಡುತ್ತದೆ. ಮ್ಯಾಸಚೂಸೆಟ್ಸ್‌ನ ಗವರ್ನರ್ ಆಗಿದ್ದ ಜಾನ್ ವಿನ್‌ತ್ರಾಪ್ 1645ರಲ್ಲಿ ತನ್ನ ದಿನಚರಿಯಲ್ಲಿ ಆನ್ ಹಾಪ್‌ಕಿನ್ಸ್ ಎಂಬಾಕೆಯ ವಿಷಯ ಬರೆದಿದ್ದಾನೆ. ಆಕೆಗೆ ಬುದ್ಧಿ ಕೆಟ್ಟಿತ್ತು. ಕಾರಣ? ಮನೆಗೆಲಸ ಬಿಟ್ಟು ಓದು ಬರಹದಲ್ಲೇ ಮುಳುಗಿದ್ದಳಂತೆ!

ದಕ್ಷಿಣಕ್ಕಿದ್ದ ಇನ್ನೊಂದು ಇಂಗ್ಲಿಷ್ ವಸಾಹತು ವರ್ಜೀನಿಯಾದಲ್ಲಿ ಈ ಕಡ್ಡಾಯದ ಓದೂ ಇರಲಿಲ್ಲ. ಇಲ್ಲಿ ಉಚಿತ ಶಾಲೆಗಳಿಲ್ಲ, ಮುದ್ರಣವಿಲ್ಲ, ಅದಕ್ಕಾಗಿ ದೇವರಿಗೆ ವಂದನೆ ಎಂದು ಅಲ್ಲಿನ ಗವರ್ನರ್ ವಿಲಿಯಂ ಬರ್ಕ್ಲಿ 1671ರಲ್ಲಿ ಲಂಡನ್ನಿಗೆ ವರದಿ ಕಳಿಸಿದ.

ಗುಲಾಮರ ಬಗ್ಗೆಯೂ ಕೇಳಿದ್ದೀರಿ. 1739ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಗುಲಾಮರು ದಂಗೆ ಎದ್ದರು. ಮರುವರ್ಷವೇ ಕಾನೂನು ಬಂತು: ಗುಲಾಮರಿಗೆ ಬರೆಯಲು ಕಲಿಸಿದರೆ 100 ಪೌಂಡ್ ದಂಡ. ಗಮನಿಸಿ, ಅದು ನಿಷೇಧಿಸಿದ್ದು ಬರೆಯುವುದನ್ನು. ಓದಿನ ಮಾತೇ ಅದರಲ್ಲಿಲ್ಲ. ಬರೆಯಬಲ್ಲ ಗುಲಾಮ ಊರು ದಾಟುವ ರಹದಾರಿ ಚೀಟಿಯನ್ನು ತಾನೇ ಬರೆದುಕೊಳ್ಳಬಲ್ಲ.

ಇದಕ್ಕೆ ಹೊರತಾಗಿ ನಿಂತವಳು ಫಿಲಿಸ್ ವೀಟ್ಲಿ. 1761ರಲ್ಲಿ ಆಫ್ರಿಕಾದಿಂದ ಬಾಸ್ಟನ್ನಿಗೆ ತಂದು ಮಾರಿದಾಗ ಅವಳಿಗಿನ್ನೂ ಹಾಲುಹಲ್ಲು ಬೀಳುತ್ತಿತ್ತು. ಕೊಂಡವರ ಮನೆಯಲ್ಲೇ ಓದು ಬರಹ ಎರಡನ್ನೂ ಕಲಿತಳು. 1773ರಲ್ಲಿ ಅವಳ ಕವನ ಸಂಕಲನ ಲಂಡನ್ನಿನಲ್ಲಿ ಅಚ್ಚಾಯಿತು. ಕವಿತೆಗಳು ಇವಳವೇ ಎಂದು ಬಾಸ್ಟನ್ನಿನ 18 ಗಂಡಸರು ಕೊಟ್ಟ ಸಾಕ್ಷಿಪತ್ರವನ್ನೂ ಆ ಪುಸ್ತಕದಲ್ಲಿ ಸೇರಿಸಬೇಕಾಯಿತು. ಅವಳ ಬಗ್ಗೆಯೇ ಒಂದು ಲೇಖನ ಬರೆಸುವ ಆಸೆಯಿದೆ. ಪ್ರಕಟವಾದ ಮೇಲೆ ಮತ್ತೆ ಬರೆಯಿರಿ.

– ಸಂಪಾದಕ